ಅಜ್ಜಿಯ ಮಾತಿಗೊಂದು ಅರ್ಜಿ

ಕನ್ನಡವನ್ನು ಕಲಿಯುವವರಿಗೆ ಹಣ ಕೊಡುತ್ತಾರೆಂದರೆ ನಮ್ಮಲ್ಲಿ ಅನೇಕರು ನಂಬಲಾರರು. ಇಂಗ್ಲಿಷು ಕಲಿಯಲು ಹಣ ತೆರುವುದು ನಮಗೆ ರೂಢಿಯಾಗಿದೆ. ಫ್ರೆಂಚ್, ಜರ್ಮನ್ ತರಗತಿಗಳಿಗೆ ಮಕ್ಕಳನ್ನು ಸೇರಿಸುವ ತಂದೆತಾಯಿಗಳೂ ಬೆಂಗಳೂರಿನಲ್ಲಿ ಕಡಮೆಯಿಲ್ಲ. ತಾಯಿಯ ಮಡಿಲಿನಲ್ಲಿ ಪುಕ್ಕಟೆಯಾಗಿ ದೊರೆತ ನುಡಿಗೆ ಮಾತ್ರ ಬೆಲೆ ಕಟ್ಟುವ ಅಭ್ಯಾಸ ನಮಗಿಲ್ಲ. ಹೀಗಿದ್ದರೂ ಇದೇ ನುಡಿಯನ್ನು ಕಲಿಯಲೆಂದು ಸಾವಿರಾರು ಮೈಲಿಗಳ ಆಚೆ ಕುಳಿತು ಅರ್ಜಿ ಬರೆದು, ಗುರುಗಳಿಂದ ಶಿಫಾರಸು ಪತ್ರ ತರಿಸಿ, ತಿಂಗಳುಗಟ್ಟಲೆ ಉತ್ತರಕ್ಕಾಗಿ ಕಾದು, ವಿದ್ಯಾರ್ಥಿವೇತನ ಪಡೆದು ಮೈಸೂರಿಗೆ ಬಂದಿಳಿಯುವ ತರುಣ ತರುಣಿಯರಿದ್ದಾರೆ. ಇವರಲ್ಲಿ ಕೆಲವರ ಹೆಸರುಗಳು ಪರದೇಶದವು; ಇನ್ನು ಕೆಲವರ ಹೆಸರುಗಳು ನಮ್ಮ ನಮ್ಮ ಮನೆಗಳವೇ.

ಎರಡನೆಯ ಬಗೆಯವರ ವಿಷಯ ಸ್ವಲ್ಪ ಯೋಚಿಸತಕ್ಕದ್ದು. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯನ್ನೇ ತೆಗೆದುಕೊಳ್ಳಬಹುದು. ಹೊಸಕೋಟೆಗೂ ದೇವನಹಳ್ಳಿಗೂ ನಡುವಣ ಹೋಬಳಿ ಊರು. ಸುತ್ತಲೂ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. ಬೀದಿಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯವರಿಗೆ ಕಡಲಾಚೆಯ ಪ್ರಯಾಣವೇನೂ ಅಪರೂಪವಲ್ಲ. ಇಂಥ ಊರಿನಿಂದ ಮಗನೊಬ್ಬ ಇಂಜಿನಿಯರಾಗಿ ಅಮೆರಿಕಕ್ಕೆ ಹೋಗಿ ನೆಲೆಸಿದನೆಂದಿಟ್ಟುಕೊಳ್ಳೋಣ. ಅವನ ಮಗಳು ಅಲ್ಲಿಯೇ ಹುಟ್ಟಿ ಬೆಳೆದು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಭಾನುವಾರ ಟೆಲಿಫೋನಿನಲ್ಲಿ ಅಜ್ಜಿ, “ಊಟ ಆಯ್ತಾ ಮಗ?” ಎಂದು ಕೇಳುತ್ತಾಳೆ. “ಆಯ್ತು ಅಜ್ಜಿ” ಎಂದು ಮೊಮ್ಮಗಳು ಹೇಳುತ್ತಾಳೆ. ಮೂರನೆಯ ಮಾತು ಇಲ್ಲ. ಅಜ್ಜಿಗೆ ಹೇಳುವುದು ಬೇಕಾದಷ್ಟಿದೆ, ಮೊಮ್ಮಗಳಿಗೆ ಕೇಳುವುದು ಬೇಕಾದಷ್ಟಿದೆ, ನಡುವೆ ಸೇತುವೆಯಿಲ್ಲ. ಅಜ್ಜಿಯ ವಯಸ್ಸಾದರೋ ಯಾರಿಗಾಗಿಯೂ ಕಾಯುವುದಿಲ್ಲ.

ಇಂಥ ಹುಡುಗಿಗೆ ದಾರಿಯುಂಟೆ? ಉಂಟು. ಆದರೆ ಆ ದಾರಿಯನ್ನು ಕಡಿದವರು ಯಾರು, ಏಕೆ ಕಡಿದರು ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು.

ಹಣದ ಚೀಲ ಬಿಚ್ಚಿದವರು

ಕನ್ನಡ ಕಲಿಯುವವರಿಗೆ ಹಣ ಕೊಡುವ ಪದ್ಧತಿ ಇನ್ನೂರು ವರ್ಷಗಳಿಗಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯವರು 1812ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜನ್ನು ಸ್ಥಾಪಿಸಿ, ವಿಲಾಯಿತಿಯಿಂದ ಆಗತಾನೆ ಬಂದ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಿದರು. ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಭತ್ಯ ಹೆಚ್ಚುತ್ತಿತ್ತು. ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕಂದಾಯ ವಸೂಲಿಗೂ ಕಚೇರಿಯ ವಿಚಾರಣೆಗೂ ಪ್ರಜೆಗಳ ಮಾತು ಬೇಕಾಗಿತ್ತು. ಅದಕ್ಕಾಗಿ ಕಂಪನಿಯ ಹಣ.

ಅನಂತರ ಪಾದ್ರಿಗಳು ಬಂದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದನು. ಆತನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮತಪ್ರಚಾರಕ್ಕೆಂದು ಕಳುಹಿಸಲ್ಪಟ್ಟವನು ಕನ್ನಡಿಗರೇ ಇಂದಿಗೂ ತೆರೆದು ನೋಡುವ ಕೋಶವನ್ನು ಬಿಟ್ಟುಹೋದನು. ಹಣ ಕೊಟ್ಟವರ ಉದ್ದೇಶ ಒಂದು, ಕಲಿತವನ ಕೈಯಿಂದ ಆದ ಕಾರ್ಯ ಮತ್ತೊಂದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೂರನೆಯ ಚೀಲ ಬಿಚ್ಚಿದ್ದು ಅಮೆರಿಕ, ಬಿಚ್ಚಿಸಿದ್ದು ರಷ್ಯ! 1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕನ್ನರಿಗೆ ತಾವು ವಿಜ್ಞಾನದಲ್ಲಿ ಹಿಂದೆ ಬಿದ್ದೆವೆಂಬ ಭಯದ ಜತೆಗೆ ಹೊರಜಗತ್ತಿನ ಭಾಷೆಗಳೂ ತಮಗೆ ತಿಳಿಯವೆಂಬ ಅರಿವು ಮೂಡಿತು. ಮರುವರ್ಷವೇ, ಎಂದರೆ 1958ರಲ್ಲಿ, ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆ ಬಂದಿತು. ಅದರ ಆರನೆಯ ಭಾಗದ ಮೇರೆಗೆ ಅಲ್ಲಿ ವಿರಳವಾಗಿ ಕಲಿಸುವ ಭಾಷೆಗಳಿಗೆ ವಿಶ್ವವಿದ್ಯಾನಿಲಯಗಳಲ್ಲಿ ಪೀಠವೂ ವಿದ್ಯಾರ್ಥಿಗಳಿಗೆ ವೇತನವೂ ದೊರೆತವು. ಭಾರತಕ್ಕೆ ಮಾರಿದ ಗೋಧಿಯ ಬಾಬ್ತು ಅಮೆರಿಕಕ್ಕೆ ಸಲ್ಲಬೇಕಾಗಿದ್ದ ರೂಪಾಯಿಗಳಲ್ಲಿ ಒಂದಿಷ್ಟನ್ನು ಬಳಸಿ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿಯ ಗ್ರಂಥಾಲಯಗಳಿಗೆ ರವಾನಿಸುವ ಏರ್ಪಾಡಾಯಿತು. ಆಕಾಶದಲ್ಲಿ ರಷ್ಯದ ಗೋಳ ಸುತ್ತಿದ್ದರಿಂದ ಅಮೆರಿಕದ ಕಪಾಟಿನಲ್ಲಿ ಕನ್ನಡ ಕಾದಂಬರಿ ಕುಳಿತಿತು!

ಇದರ ಫಲ ಸಣ್ಣದಲ್ಲ. ವಿಲಿಯಂ ಬ್ರೈಟ್ ಎಂಬ ಅಮೆರಿಕನ್ ವಿದ್ವಾಂಸನು ಅದಾಗಲೇ ಆಡುಗನ್ನಡವನ್ನು ಅಭ್ಯಾಸ ಮಾಡಿ ಬರೆದಿದ್ದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ವಿಲಿಯಂ ಮೆಕ್‌ಕಾರ್ಮಕ್ ಅವರು ನಮ್ಮ ವಿಮರ್ಶಕ ಎಂ. ಜಿ. ಕೃಷ್ಣಮೂರ್ತಿಯವರ ನೆರವಿನಿಂದ ರಚಿಸಿದ ಕನ್ನಡ ಪಠ್ಯ 1966ರಲ್ಲಿ ಹೊರಬಂದಿತು. ಮೈಸೂರಿನ ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನ ವಿಶ್ವವಿದ್ಯಾನಿಲಯಕ್ಕೆ ಹೋಗಿ 1963ರಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯ ಕನ್ನಡದ ವ್ಯಾಕರಣವೇ. ಮುಂದೆ ಅವರು ಶಿಕಾಗೋದಲ್ಲಿ ಕುಳಿತು ವಚನಗಳನ್ನು ಇಂಗ್ಲಿಷಿಗೆ ತಂದುದು ಎಲ್ಲರೂ ಬಲ್ಲ ಸಂಗತಿ.

ಅವರ ಬೇಸಿಗೆ, ನಮ್ಮ ಮಳೆಗಾಲ

ಅಮೆರಿಕದ ವಿಶ್ವವಿದ್ಯಾನಿಲಯಗಳು ಒಟ್ಟುಗೂಡಿ 1961ರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್. ಹಿಂದಿಗೆ ಜೈಪುರ, ತಮಿಳಿಗೆ ಮದುರೆ, ಬಂಗಾಳಿಗೆ ಕಲ್ಕತ್ತೆ ಎಂಬಂತೆ ಒಂದೊಂದು ಭಾಷೆಗೂ ಆ ಭಾಷೆ ಬೀದಿಯಲ್ಲಿ ಬದುಕಿರುವ ಒಂದೊಂದು ಊರನ್ನು ಈ ಸಂಸ್ಥೆ ಆರಿಸಿಕೊಂಡಿತು. ಕನ್ನಡಕ್ಕೆ ಆರಿಸಿಕೊಂಡದ್ದು ಮೈಸೂರನ್ನು.

ಬೇಸಿಗೆಯ ಪಾಠಕ್ರಮವೆಂದು ಹೆಸರಾದರೂ ಅದು ಅಮೆರಿಕದ ಬೇಸಿಗೆ. ಜೂನ್ ತಿಂಗಳಲ್ಲಿ ಆರಂಭವಾಗಿ ಆಗಸ್ಟಿನ ತನಕ ಸುಮಾರು ಎರಡು ತಿಂಗಳು ನಡೆಯುತ್ತದೆ. ನಮ್ಮ ಮಕ್ಕಳು ರಜ ಮುಗಿಸಿ ಶಾಲೆಗೆ ಹೊರಡುವ ಹೊತ್ತಿಗೆ ಅವರು ಕೊಡೆ ಹಿಡಿದು ಮೈಸೂರಿನ ಮಳೆಯಲ್ಲಿ ಕನ್ನಡ ಕಲಿಯಲು ಬರುತ್ತಾರೆ. ವಾರಕ್ಕೆ ಐದು ದಿನ, ದಿನಕ್ಕೆ ಸುಮಾರು ನಾಲ್ಕು ಗಂಟೆ ಪಾಠ. ಮಿಕ್ಕ ವೇಳೆ ಬೀದಿ, ಸಂತೆ, ಬಸ್ಸು, ಸಂಸಾರಸ್ಥರ ಮನೆಯ ವಾಸ ಇವೇ ಗುರುಗಳು. ತರಗತಿಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ತರಕಾರಿಯವಳ ಮುಂದೆ ಪರೀಕ್ಷೆಗೆ ನಿಲ್ಲುತ್ತದೆ.

ಅರ್ಜಿಯ ಅಂಗಗಳು

ಜೂನ್ ತಿಂಗಳಲ್ಲಿ ಮೈಸೂರಿಗೆ ಬರಬೇಕಾದವರು ಹಿಂದಿನ ಚಳಿಗಾಲದಲ್ಲಿಯೇ ಎಚ್ಚೆತ್ತಿರಬೇಕು. ಇಂಥ ಅರ್ಜಿಗಳ ಕೊನೆಯ ದಿನ ಸಾಮಾನ್ಯವಾಗಿ ಜನವರಿಯ ಸುಮಾರಿಗೆ ಬೀಳುತ್ತದೆ. ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರಿಗೆ ಪರೀಕ್ಷೆಯ ಗಲಾಟೆ ಆರಂಭವಾಗುವ ಮುನ್ನವೇ ಬಿನ್ನವಿಸಿಕೊಳ್ಳುವುದು ಲೇಸು. ಅಂಕಪಟ್ಟಿ, ಶಿಫಾರಸು ಪತ್ರಗಳು, ಭಾಷೆಯ ಈಗಿನ ಮಟ್ಟದ ವಿವರ, ಕಲಿಯುವ ಉದ್ದೇಶವನ್ನು ತಿಳಿಸುವ ಬರಹ ಇವು ಅರ್ಜಿಯ ಮುಖ್ಯ ಅಂಗಗಳು.

ಹಣದ ಮೂಲ ಎರಡು ಬಗೆ. ಪಾಠಕ್ರಮ ನಡೆಸುವ ಸಂಸ್ಥೆಯೇ ಕೊಡುವ ವೇತನ ಒಂದು. ಇದು ಅಮೆರಿಕದ ಪ್ರಜೆಗಳಾದ ವಿದ್ಯಾರ್ಥಿಗಳಿಗೆ ಮೀಸಲು. ವಿದ್ಯಾರ್ಥಿಯ ವಿಶ್ವವಿದ್ಯಾನಿಲಯದ ಮೂಲಕ ಬರುವುದು ಇನ್ನೊಂದು. 1958ರ ಕಾಯಿದೆಯಿಂದ ಹುಟ್ಟಿ ‘ಫ್ಲಾಸ್’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ವಿದ್ಯಾರ್ಥಿವೇತನ ಬಹುಕಾಲ ಈ ಎರಡನೆಯ ಬಗೆಯ ದೊಡ್ಡ ಆಸರೆಯಾಗಿತ್ತು. 2025ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಅದರ ಅನುದಾನದ ಮುಂದುವರಿಕೆಯನ್ನು ನಿಲ್ಲಿಸಿದ್ದರಿಂದ ಅನೇಕ ವಿದ್ಯಾರ್ಥಿಗಳು ಪೇಚಿಗೆ ಸಿಕ್ಕಿದರು. ಅಲ್ಲಿಯ ವಿದೇಶಾಂಗ ಇಲಾಖೆ 2006ರಲ್ಲಿ ಆರಂಭಿಸಿದ ಮತ್ತೊಂದು ಬೇಸಿಗೆ ವೇತನದ ಪಟ್ಟಿಯಲ್ಲಿ ಹಿಂದಿ, ಉರ್ದು, ಬಂಗಾಳಿ, ಪಂಜಾಬಿಗಳು ಸೇರಿದ್ದುವು, ಕನ್ನಡಕ್ಕೆ ಸ್ಥಾನವಿರಲಿಲ್ಲ. ಆದಕಾರಣ ಹಿಂದಿನ ವರ್ಷ ಯಾರಿಗೋ ಹಣ ಸಿಕ್ಕಿತೆಂದು ನಂಬಿ ಕೂರದೆ, ಆಯಾ ವರ್ಷದ ಪ್ರಕಟಣೆಯನ್ನು ನೋಡಿ, ಒಂದಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕುವುದೇ ವಿವೇಕ. ವೇತನ ದೊರೆತರೂ ಅದು ಯಾವ ಯಾವ ಖರ್ಚಿಗೆ ಸಲ್ಲುತ್ತದೆ, ವಿಮಾನದ ಟಿಕೆಟ್ಟು ಅದರಲ್ಲಿ ಸೇರಿದೆಯೆ, ಇಲ್ಲವೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಭಾಷೆಯ ಮಟ್ಟವನ್ನು ತಿಳಿಸುವ ಕಡೆ ನಮ್ಮವರ ಮಕ್ಕಳು ಎರಡು ಬಗೆಯಾಗಿ ಎಡವುತ್ತಾರೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದವನು ‘ನನಗೆ ಕನ್ನಡ ಬರುತ್ತದೆ’ ಎಂದು ಬರೆದುಬಿಟ್ಟರೆ, ಬರುವವನಿಗೆ ಕಲಿಸುವುದೇನು ಎಂದು ಕೇಳುವರು. ‘ಏನೂ ಬಾರದು’ ಎಂದು ಬರೆದರೆ ಅದೂ ಸುಳ್ಳು. ತರಗತಿಯ ಮೊದಲ ದಿನವೇ ಬಯಲಾಗುತ್ತದೆ. ಕೇಳಿದರೆ ಇಷ್ಟು ತಿಳಿಯುತ್ತದೆ, ಉತ್ತರ ಕೊಡಲು ಇಷ್ಟು ಸಾಧ್ಯ, ಅಕ್ಷರ ಬಾರದು ಎಂದು ಇದ್ದುದನ್ನು ಇದ್ದ ಹಾಗೆ ಬರೆಯುವುದೇ ಮೇಲು. ಅಧ್ಯಾಪಕರು ಸರಿಯಾದ ತರಗತಿಯಲ್ಲಿ ಕೂರಿಸಲು ಇದರಿಂದ ಅನುಕೂಲವಾಗುತ್ತದೆ.

ಏಕೆಂಬ ಪ್ರಶ್ನೆ

ಅರ್ಜಿಯ ಪ್ರಾಣವೆಲ್ಲ ಇರುವುದು ಉದ್ದೇಶವನ್ನು ತಿಳಿಸುವ ಬರಹದಲ್ಲಿ. ಹಣ ಕೊಡುವವರು ಕೇಳುವುದು ಒಂದೇ ಪ್ರಶ್ನೆ: ಈ ಭಾಷೆ ನಿನಗೇಕೆ? ಕಂಪನಿಯ ಅಧಿಕಾರಿಗೂ ಕಿಟೆಲನಿಗೂ ಉತ್ತರ ಸಿದ್ಧವಾಗಿತ್ತು. ಸೂಲಿಬೆಲೆಯ ಮೊಮ್ಮಗಳು ಏನೆನ್ನಬೇಕು? ‘ಅಜ್ಜಿಯೊಡನೆ ಮಾತನಾಡಬೇಕು’ ಎಂಬುದೇ ಅವಳ ನಿಜವಾದ ಉತ್ತರ. ವಿದ್ವಾಂಸರ ಸಮಿತಿಯ ಮುಂದೆ ಇದನ್ನು ಹೇಳಲು ನಾಚಿ, ‘ಭಾರತದ ಭವ್ಯ ಸಂಸ್ಕೃತಿ’ ಎಂದು ಎರಡು ಪುಟ ತುಂಬಿಸುವವರೇ ಹೆಚ್ಚು. ಅಂಥ ಬರಹಗಳು ಒಂದರಂತೆ ಇನ್ನೊಂದು ಇರುವುದರಿಂದ ಓದುವವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಅಜ್ಜಿಯ ಹೆಸರೆತ್ತಲು ನಾಚಬೇಕಾಗಿಲ್ಲ; ಅಜ್ಜಿಯ ಬಳಿ ಏನಿದೆಯೆಂಬುದನ್ನು ಹೇಳಬೇಕು. ರೇಷ್ಮೆಹುಳು ಸಾಕಿದ ಮನೆಯ ಹೆಂಗಸಿನ ಮಾತನ್ನೇ ನೋಡಿರಿ. ಹುಳು ಪೊರೆ ಬಿಡುವುದಕ್ಕೆ ಆಕೆ ‘ಜ್ವರ’ ಎನ್ನುತ್ತಾಳೆ. ಹುಳುವಿಗೆ ನಾಲ್ಕು ಜ್ವರ. ಜ್ವರದಲ್ಲಿ ಅದು ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುತ್ತದೆ. ನಾಲ್ಕನೆಯ ಜ್ವರ ಬಿಟ್ಟೆದ್ದ ಮೇಲೆ ಹಗಲಿರುಳು ತಿಂದು ‘ಹಣ್ಣಾಗುತ್ತದೆ.’ ಹಣ್ಣಾದ ಹುಳುವನ್ನು ಆರಿಸಿ ಬಿದಿರಿನ ‘ಚಂದ್ರಿಕೆ’ಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಗೂಡು ವಿಜಯಪುರದ ಮಾರುಕಟ್ಟೆಗೆ ಹೋಗುತ್ತದೆ. ಜ್ವರ, ಹಣ್ಣು, ಚಂದ್ರಿಕೆ ಇವು ಎಲ್ಲ ಕನ್ನಡಿಗರಿಗೂ ಗೊತ್ತಿರುವ ಶಬ್ದಗಳು. ಆದರೆ ಹುಳುವಿನ ಮನೆಯಲ್ಲಿ ಅವುಗಳ ಅರ್ಥ ಬೇರೆ. ಅರ್ಥಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಓದುತ್ತಿರುವ ಹುಡುಗಿ ‘ಒಂದು ಕಸುಬಿನ ಜ್ಞಾನ ಹೆಂಗಸರ ಬಾಯಲ್ಲಿ ಉಳಿದುಬಂದ ಬಗೆಯನ್ನು ಕೇಳಿ ಬರೆದಿಡಬೇಕು, ನನ್ನ ಅಜ್ಜಿಯಿಂದ ಆರಂಭಿಸುತ್ತೇನೆ’ ಎಂದು ಬರೆದರೆ ಅದರಲ್ಲಿ ವಾತ್ಸಲ್ಯವೂ ಇದೆ, ವಿದ್ಯೆಯೂ ಇದೆ. ಸಮಿತಿಯವರು ಕೇಳುವ ‘ಮುಂದೇನು?’ ಎಂಬ ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ಇದೆ.

ಪುಸ್ತಕದ ಕನ್ನಡ, ಮನೆಯ ಕನ್ನಡ

ವೇತನ ದೊರೆತು ಮೈಸೂರಿಗೆ ಬಂದ ಮೇಲೂ ತೊಡಕೊಂದು ಉಳಿಯುತ್ತದೆ. ಕನ್ನಡದಲ್ಲಿ ಬರೆಯುವ ಮಾತು ಬೇರೆ, ಆಡುವ ಮಾತು ಬೇರೆ. ಪುಸ್ತಕದಲ್ಲಿ ‘ಹೋಗುತ್ತೇನೆ’, ಮೈಸೂರಿನ ಮನೆಯಲ್ಲಿ ‘ಹೋಗ್ತೀನಿ’, ಹಳ್ಳಿಯ ಹಟ್ಟಿಯಲ್ಲಿ ‘ಓಯ್ತೀನಿ.’ ‘ಬರುತ್ತಾರೆ’ ಎಂಬುದು ‘ಬತ್ತಾರೆ’ ಆಗುತ್ತದೆ. ಸೂಲಿಬೆಲೆಯ ಕಡೆಗೆ ಬಂದರೆ ಇದರ ಮೇಲೆ ತೆಲುಗಿನ ಒಗ್ಗರಣೆ ಬೇರೆ. ಮೆಕ್‌ಕಾರ್ಮಕ್ ಅವರ 1966ರ ಪಠ್ಯದ ಹೆಸರಿನಲ್ಲಿಯೇ ಆಡುಮಾತಿನ ಬಗೆಗಳ ಪ್ರಸ್ತಾಪವಿರುವುದಕ್ಕೆ ಕಾರಣ ಇದೇ.

ಇಲ್ಲಿ ಮನೆಯವರ ಕರ್ತವ್ಯವೂ ಉಂಟು. ಎರಡು ತಿಂಗಳು ಕಷ್ಟಪಟ್ಟು ಕಲಿತ ಹುಡುಗಿ, “ಅಜ್ಜೀ, ನಾನು ನಾಳೆ ಬರುತ್ತೇನೆ” ಎಂದು ಪುಸ್ತಕದ ಮಾತಿನಲ್ಲಿ ಹೇಳಿದರೆ ಸುತ್ತ ನಿಂತ ನೆಂಟರು ಗೊಳ್ಳೆಂದು ನಗುತ್ತಾರೆ. ದುರುದ್ದೇಶವೇನೂ ಇಲ್ಲ, ಮುದ್ದಿನಿಂದಲೇ ನಗುತ್ತಾರೆ. ಆದರೆ ನಾಲಗೆ ಅಷ್ಟಕ್ಕೇ ಹಿಂದೆಗೆಯುತ್ತದೆ. ಚಿಕ್ಕಪ್ಪಂದಿರು, ಅತ್ತೆಯರು ಅವಳ ಶ್ರಮವನ್ನು ತಪ್ಪಿಸಲೆಂದು ಇಂಗ್ಲಿಷಿಗೆ ತಿರುಗುತ್ತಾರೆ; ಕಲಿಯಲು ಬಂದವಳಿಗೆ ಇದಕ್ಕಿಂತ ಅಪಕಾರ ಬೇರೆಯಿಲ್ಲ. ಹುಳುವಿನಂತೆ ಕಲಿಯುವವರಿಗೂ ಜ್ವರದ ದಿನಗಳುಂಟು. ಆಗ ಮೌನವಾಗಿದ್ದರೆ ಗದರದೆ, ತಪ್ಪು ಮಾತನಾಡಿದರೆ ನಗದೆ, ಸಾವಧಾನವಾಗಿ ಕನ್ನಡದಲ್ಲಿಯೇ ಉತ್ತರ ಕೊಡುವುದು ಯಾವ ವಿದ್ಯಾರ್ಥಿವೇತನಕ್ಕೂ ಕಡಮೆಯಾದ ನೆರವಲ್ಲ.

ಅರ್ಜಿ ಬೇಡದ ದಾರಿ

ಕಡಲಾಚೆಯವರ ಮಾತಾಯಿತು. ಸೂಲಿಬೆಲೆಯಿಂದ ಒಂದು ಬಸ್ಸಿನ ದೂರದಲ್ಲಿರುವ ಬೆಂಗಳೂರಿನ ಮೊಮ್ಮಕ್ಕಳ ಗತಿಯೇನು? ಕನ್ನಡ ಮಾತನಾಡಿಯೂ ಕನ್ನಡ ಪತ್ರಿಕೆಯ ಒಂದು ಸಾಲನ್ನು ಓದಲಾರದ ಮಕ್ಕಳು ನಗರದ ಎಷ್ಟೋ ಮನೆಗಳಲ್ಲಿದ್ದಾರೆ. ಇತರ ಭಾಷೆಗಳವರಿಗೆ ಕನ್ನಡ ಕಲಿಸುವ ಏರ್ಪಾಡು ನಮ್ಮಲ್ಲಿಯೂ ಇದೆ. 1969ರ ಜುಲೈ 17ರಂದು ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ತನ್ನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದ ಮೂಲಕ ಬೇರೆ ಬೇರೆ ಪ್ರಾಂತಗಳ ಶಾಲಾ ಅಧ್ಯಾಪಕರಿಗೆ ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು ಹತ್ತು ತಿಂಗಳ ಪಾಠಕ್ರಮದಲ್ಲಿ ಕಲಿಸುತ್ತ ಬಂದಿದೆ. ಆದರೆ ಕನ್ನಡಿಗರ ಮಗುವಿಗೆ ಕನ್ನಡ ಓದಲು ಕಲಿಸಲು ಸಂಸ್ಥೆ, ಸಮಿತಿ, ಶಿಫಾರಸುಗಳ ಅಗತ್ಯವಿಲ್ಲ. ಏಪ್ರಿಲ್, ಮೇ ತಿಂಗಳ ರಜದಲ್ಲಿ ಒಂದು ಸ್ಲೇಟು, ಬಳಪ, ದಿನಕ್ಕೆ ಅರ್ಧ ಗಂಟೆ ಸಾಕು. ನಲವತ್ತೊಂಬತ್ತು ಅಕ್ಷರಗಳ ವರ್ಣಮಾಲೆ ಒಂದು ರಜಕ್ಕೆ ಹೆಚ್ಚಿನ ಹೊರೆಯಲ್ಲ.

ವೇತನದ ಅರ್ಜಿ ಹಾಕಿದವರೆಲ್ಲರಿಗೂ ಹಣ ಸಿಗುವುದಿಲ್ಲ. ಸಿಕ್ಕಿದ ವರ್ಷ ಹೊರಡಲು ಅನುಕೂಲವಾಗದೆಯೂ ಹೋಗಬಹುದು. ಹಾಗೆಂದು ಮುಂದಿನ ವರ್ಷದ ತನಕ ಸುಮ್ಮನಿರುವುದು ತರವಲ್ಲ. ಭಾನುವಾರದ ಟೆಲಿಫೋನಿನಲ್ಲಿ ‘ಊಟ ಆಯ್ತಾ’ ಎಂಬುದರ ಮುಂದೆ ವಾರಕ್ಕೊಂದು ಹೊಸ ಪ್ರಶ್ನೆ ಕೇಳಲು ಮೊಮ್ಮಗಳು ಕಲಿತರೂ ವರ್ಷಕ್ಕೆ ಐವತ್ತೆರಡು ಪ್ರಶ್ನೆಗಳಾದುವು. ಅಜ್ಜಿಯ ಉತ್ತರವನ್ನು ಅವಳ ದನಿಯಲ್ಲಿಯೇ ಮುದ್ರಿಸಿಟ್ಟುಕೊಂಡರೆ, ಅರ್ಥವಾಗದ ಮಾತನ್ನು ನಾಳೆಯ ಪಾಠಕ್ಕೆ ಉಳಿಸಿಕೊಳ್ಳಬಹುದು. ಅರ್ಜಿಗೆ ಕೊನೆಯ ದಿನ ವರ್ಷವರ್ಷವೂ ಮತ್ತೆ ಬರುತ್ತದೆ. ಅಜ್ಜಿಯನ್ನು ಕೇಳುವುದಾದರೆ ಈ ಭಾನುವಾರವೇ ಕೇಳಬೇಕು.