ಬರಿಗೈಯಲ್ಲಿ ಮರಳಿದವರ ಲೆಕ್ಕ

ದೇವದುರ್ಗದ ಔಷಧದ ಅಂಗಡಿಯೊಂದಕ್ಕೆ ವೃದ್ಧರೊಬ್ಬರು ರಕ್ತದೊತ್ತಡದ ಮಾತ್ರೆ ಕೇಳಿಕೊಂಡು ಬಂದರೆನ್ನಿ. "ಗುಳಿಗಿ ತೀರ್‍ಯಾವ್ರಿ ಅಜ್ಜಾರ, ನಾಡಿದ್ದು ರಾಯಚೂರಿನಿಂದ ಬರ್ತಾವ" ಎನ್ನುತ್ತಾನೆ ಅಂಗಡಿಯಾತ. ವೃದ್ಧರು ಚೀಟಿ ಮಡಿಚಿಕೊಂಡು ಹೊರಡುತ್ತಾರೆ. ಅವರು ಬಂದದ್ದು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಈಗ ಬಿಲ್ಲು ಬರೆಯುವುದು ಗಣಕಯಂತ್ರ. ಯಾವ ಮಾತ್ರೆ ಎಷ್ಟು ಹೋಯಿತು, ಯಾವುದರ ಅವಧಿ ಎಂದು ಮುಗಿಯುವುದು ಎಂಬುದನ್ನು ಅದು ಕ್ಷಣದಲ್ಲಿ ತಿಳಿಸುತ್ತದೆ. ದಿನಕ್ಕೆ 4 ಪಟ್ಟಿ ಖರ್ಚಾಗಿ, ಹೊಸ ಸರಕು ಬರಲು 3 ದಿನ ಹಿಡಿಯುವುದಾದರೆ ಅದಕ್ಕೆ 12 ಪಟ್ಟಿ ಬೇಕು. ಆಪತ್ತಿಗೆಂದು ಇನ್ನು 8. ದಾಸ್ತಾನು 20ಕ್ಕೆ ಇಳಿದೊಡನೆ ಬೇಡಿಕೆ ಕಳುಹಿಸಬೇಕು. ಇಷ್ಟು ಸರಳ!

ಆದರೆ ಯಂತ್ರ ಅರಿತಿರುವುದು ಮಾರಾಟವನ್ನು ಮಾತ್ರ. ತಿಂಗಳಲ್ಲಿ 10 ದಿನ ಮಾತ್ರೆಯೇ ಇಲ್ಲದೆ, ಉಳಿದ 20 ದಿನಗಳಲ್ಲಿ 40 ಪಟ್ಟಿ ಮಾರಿದ್ದರೆ, ದಿನದ ಬೇಡಿಕೆ 2 ಪಟ್ಟಿಯೇ ಹೊರತು, 40ನ್ನು 30ರಿಂದ ಭಾಗಿಸಿದಷ್ಟಲ್ಲ. ತಪ್ಪಾಗಿ ಭಾಗಿಸಿದ ಅಂಗಡಿ ಮುಂದಿನ ತಿಂಗಳು ಇನ್ನೂ ಕಡಿಮೆ ತರಿಸುತ್ತದೆ. ಇನ್ನೂ ಹೆಚ್ಚು ಜನ ಹಿಂದಿರುಗುತ್ತಾರೆ. ಹಾಗೆಂದು ಕಪಾಟು ತುಂಬಿಸಿಡುವಂತೆಯೂ ಇಲ್ಲ. ಅವಧಿ ಮೀರಿದ ಔಷಧ ಕಸಕ್ಕೆ ಸಮಾನ. ಬಳಕೆಗೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ರಾಯಚೂರಿನ ಬೇಸಿಗೆಯೋ 40 ಡಿಗ್ರಿಯನ್ನು ಲೀಲೆಯಾಗಿ ದಾಟುವಂಥದು.

ಈ ಲೆಕ್ಕದ ಮಹತ್ವ ಎದ್ದು ಕಾಣುವುದು ಹಾವಿನ ವಿಷಕ್ಕೆ ಕೊಡುವ ಮದ್ದಿನಲ್ಲಿ. ಇದು ಬೀದಿಯ ಅಂಗಡಿಗಿಂತ ಆಸ್ಪತ್ರೆಯ ಔಷಧಾಲಯಕ್ಕೆ ಸೇರಿದ ಮಾತು. ವಿಷವೇರಿದ ಒಬ್ಬ ರೋಗಿಗೆ ಮೊದಲ ಸರದಿಗೇ ಸಾಮಾನ್ಯವಾಗಿ 8ರಿಂದ 10 ಸೀಸೆ ಬೇಕು. 'ಹತ್ತು ಸೀಸೆ ಇವೆ' ಎಂದರೆ ಒಂದೇ ಜೀವಕ್ಕೆ ಇವೆ ಎಂದರ್ಥ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಭತ್ತದ ಗದ್ದೆಗಳಲ್ಲಿ ಬರಿಗಾಲಿನಲ್ಲಿ ನಿಂತು ದುಡಿಯುವವರಿಗೆ ಇದು ದೂರದ ವಿಷಯವಲ್ಲ. ಮದ್ದೇ ಇಲ್ಲದ ಆಸ್ಪತ್ರೆಯಲ್ಲಿ ಮದ್ದಿನ ಖರ್ಚು ಸೊನ್ನೆ. ಸೊನ್ನೆಯನ್ನು ಕಂಡ ಮೇಲಧಿಕಾರಿ 'ಅಲ್ಲಿ ಬೇಡ' ಎಂದುಕೊಂಡರೆ ಯಾರನ್ನು ದೂರುವುದು?

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಖಾಸಗಿ ಆಸ್ಪತ್ರೆಗಳೂ ವರದಿ ಮಾಡಲೇಬೇಕು. ಇದರಿಂದ ಸೀಸೆಗಳನ್ನಲ್ಲದೆ ಕಚ್ಚಿಸಿಕೊಂಡವರನ್ನೇ ಎಣಿಸುವ ದಾರಿ ತೆರೆಯಿತು. ಎಲ್ಲಿ, ಯಾವ ತಿಂಗಳಿನಲ್ಲಿ, ಎಷ್ಟು ಮಂದಿ ಎಂದು ತಿಳಿದರೆ ಮದ್ದು ಮಳೆಗಾಲಕ್ಕೆ ಮುಂಚೆಯೇ ತಾಲ್ಲೂಕನ್ನು ಮುಟ್ಟಬಹುದು.

ದೇವದುರ್ಗದ ಅಂಗಡಿಯಾತನಿಗೆ ಇಷ್ಟೆಲ್ಲ ಏರ್ಪಾಡು ಬೇಕಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಾಲ್ಕಾಣೆ ಬೆಲೆಯ ಮನಸ್ಸಿನಿಂದ ಒಂದು ನೋಟುಪುಸ್ತಕವಿಟ್ಟು, 'ಕೇಳಿದರು, ಇರಲಿಲ್ಲ' ಎಂದು ತಲೆಬರಹ ಕೊಟ್ಟರಾಯಿತು. ತಾರೀಖು, ಔಷಧದ ಹೆಸರು, ಎಷ್ಟು ಬೇಕಿತ್ತು. ಅಜ್ಜನವರ ಹೆಸರು ಕೂಡ ಬೇಡ. ರಾತ್ರಿ ಬಾಗಿಲು ಹಾಕುವ ಮುನ್ನ ಅದನ್ನು ಯಂತ್ರಕ್ಕೆ ಉಣಿಸಲು ಐದು ನಿಮಿಷ ಹಿಡಿದೀತು.