ಬಿಡಿಭಾಗವಿಲ್ಲದ ಗೋಡೆ

ಪೀಣ್ಯದ ಕಾರ್ಖಾನೆಗಳಲ್ಲಿ ತಯಾರಾಗುವ ಬಿಡಿಭಾಗಗಳ ಮೂಲತತ್ತ್ವ ಒಂದೇ: ಸಾವಿರ ತುಣುಕುಗಳಲ್ಲಿ ಯಾವುದನ್ನೆತ್ತಿ ಜೋಡಿಸಿದರೂ ಅದು ಸರಿಯಾಗಿ ಕೂರಬೇಕು. ಅದೇ ಪೀಣ್ಯವನ್ನು ಹಾದುಹೋಗುವ ತುಮಕೂರು ರಸ್ತೆಯಲ್ಲಿ ಸಾಗಿ, ಚಿತ್ರದುರ್ಗದ ಮಾರ್ಗವಾಗಿ ಹಂಪಿಯನ್ನು ತಲುಪುವ ಉದ್ಯಮಿಗೆ ಇದಕ್ಕೆ ತದ್ವಿರುದ್ಧವಾದ ತತ್ತ್ವವೊಂದು ಕಾಣಸಿಗುತ್ತದೆ.

ವಿಜಯನಗರದ ರಾಜಪ್ರಾಂಗಣ ಹಾಗೂ ರಾಣಿವಾಸದ ಸುತ್ತಲಿನ ಎತ್ತರದ ಗೋಡೆಗಳಲ್ಲಿ ಬೃಹತ್ ಗ್ರಾನೈಟ್ ಕಲ್ಲುಗಳನ್ನು ಗಾರೆಯ ನೆರವಿಲ್ಲದೆ ಜೋಡಿಸಲಾಗಿದೆ. ಪ್ರತಿಯೊಂದು ಕಲ್ಲೂ ಹೊರಮುಖದಲ್ಲಿ ಅಗಲವಾಗಿದ್ದು ಒಳಗೆ ಹೋದಂತೆ ಬೆಣೆಯಂತೆ ಕಿರಿದಾಗುತ್ತದೆ. ಎರಡು ಮುಖಗಳ ನಡುವೆ ಮಣ್ಣು ಮತ್ತು ಕಲ್ಲುಚೂರು ತುಂಬಲಾಗಿದೆ. ಗೋಡೆಯನ್ನು ಹಿಡಿದಿಟ್ಟಿರುವುದು ಕಲ್ಲಿನ ಭಾರ ಮತ್ತು ಸಂದಿನ ಬಿಗಿ.

ಸುತ್ತಲಿನ ಬಂಡೆಗಳ ಮೇಲೆ ಸಾಲಾಗಿ ಕೊರೆದ ಕುಳಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಬೆಣೆಯಿಟ್ಟು ಬಂಡೆಯನ್ನು ಸೀಳುತ್ತಿದ್ದರು. ಜಿಗಣಿಯ ಗ್ರಾನೈಟ್ ಘಟಕಗಳಲ್ಲಿ ಯಂತ್ರವು ಕಲ್ಲನ್ನು ಒಂದೇ ದಪ್ಪದ ಹಲಗೆಗಳಾಗಿ ಕೊಯ್ಯುತ್ತದೆ. ಹಂಪಿಯ ಕಲ್ಲುಕುಟಿಗನಾದರೋ ನೆರೆಯ ಕಲ್ಲಿನ ಅಂಚನ್ನು ನೋಡಿ ತನ್ನ ಕಲ್ಲನ್ನು ತಿದ್ದಿದ. ಆದ್ದರಿಂದ ಒಂದೊಂದು ಕಲ್ಲಿಗೂ ಗೋಡೆಯಲ್ಲಿ ಒಂದೇ ಸ್ಥಾನ.

2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯು ಕಾರ್ಖಾನೆ ಕಟ್ಟಡದ ಉಪಯುಕ್ತ ಆಯುಷ್ಯವನ್ನು 30 ವರ್ಷವೆಂದು ಗಣಿಸುತ್ತದೆ. ಈ ಗೋಡೆಗಳಾದರೋ 1565ರ ಯುದ್ಧದ ನಂತರದ ವಿನಾಶವನ್ನೂ, ಶತಮಾನಗಳ ಮಳೆ ಬಿಸಿಲನ್ನೂ ಸಹಿಸಿ ನಿಂತಿವೆ. ಹಾಗೆಂದು ನಿರ್ವಹಣೆ ಬೇಡವೆಂದಲ್ಲ. ನೀರು ಒಳಗಿನ ಮಣ್ಣಿಗಿಳಿದರೆ, ಬೇರು ಸಂದಿನಲ್ಲಿ ಹೊಕ್ಕರೆ, ಮುಖದ ಕಲ್ಲು ಉಬ್ಬಿ ಜಾರುತ್ತದೆ. ಜಾರಿದ ಕಲ್ಲಿನ ಸ್ಥಾನ ದಾಖಲಾಗದಿದ್ದರೆ ಮಾರುಕಟ್ಟೆಯಲ್ಲಿ ಅದಕ್ಕೆ ಬದಲಿ ದೊರೆಯದು.

ಇಂತಹ ಆಸ್ತಿಯ ಬಳಿ ವಿವೇಚನೆಯಿಲ್ಲದೆ ಕಾಮಗಾರಿ ಕೈಗೊಂಡರೆ ತೆರಬೇಕಾದ ಬೆಲೆಯೇನೆಂಬುದಕ್ಕೆ ಹಂಪಿಯಲ್ಲೇ ನಿದರ್ಶನವಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣವನ್ನು, ಮುಖ್ಯವಾಗಿ ಸೇತುವೆ ನಿರ್ಮಾಣದ ಕಾರಣದಿಂದ, 1999ರಲ್ಲಿ ಯುನೆಸ್ಕೋ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ವಿವಾದಕ್ಕೊಳಗಾಗಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ, ನಿರ್ಮಾಣ ಹಂತದಲ್ಲಿಯೇ ಕುಸಿದು ಕಾರ್ಮಿಕರ ಜೀವಹಾನಿಯೂ ಆಯಿತು.

2010ರ ತಿದ್ದುಪಡಿ ಕಾಯ್ದೆಯು ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವನ್ನೂ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವನ್ನೂ ವಿಧಿಸಿದೆ. ಹೋಟೆಲ್, ರಸ್ತೆ ಅಥವಾ ಕಟ್ಟಡದ ಗುತ್ತಿಗೆ ಹಿಡಿಯುವವರು ಈ ಅಳತೆಯನ್ನು ಅಂದಾಜುಪಟ್ಟಿ ಸಿದ್ಧಪಡಿಸುವ ಮೊದಲೇ ಪರಿಶೀಲಿಸುವುದು ಒಳಿತು. ಹಣ ಹೂಡಿದ ಮೇಲೆ ಕೆಲಸ ನಿಂತರೆ ನಷ್ಟ ಉದ್ಯಮಿಯದು. ಗೋಡೆ ಜಾರಿದರೆ ನಷ್ಟ ಎಲ್ಲರದು.