ಪೆನ್‌ಡ್ರೈವ್‌ನಲ್ಲಿ ಬಂದದ್ದು ಬರೀ ಕೈಮರ

ಅರಕಲಗೂಡಿನ ಹುಡುಗನೊಬ್ಬ ಪ್ರಾಜೆಕ್ಟ್ ವರದಿ ಪ್ರಿಂಟ್ ಮಾಡಿಸಲು ಹಾಸನದ ನಮ್ಮ ಡಿ.ಟಿ.ಪಿ. ಅಂಗಡಿಗೆ ಬಂದಿದ್ದ. ಪೆನ್‌ಡ್ರೈವ್ ಹಾಕಿದರೆ ಫೈಲ್ ತೆರೆಯಲೊಲ್ಲದು. ಗಾತ್ರ ನೋಡಿದೆ: 2 ಕೆ.ಬಿ. ನಲವತ್ತು ಪುಟ, ಫೋಟೊ ಬೇರೆ. ಅಷ್ಟರಲ್ಲಿ ಹೇಗೆ ಹಿಡಿಸೀತು? ಐಕಾನ್‌ನ ಮೂಲೆಯಲ್ಲಿ ಪುಟ್ಟ ಬಾಣ ಕಂಡಿತು. ಡೆಸ್ಕ್‌ಟಾಪ್ ಮೇಲಿದ್ದ ಶಾರ್ಟ್‌ಕಟ್ಟನ್ನಷ್ಟೇ ಅವನು ಕಾಪಿ ಮಾಡಿಕೊಂಡು ಬಂದಿದ್ದ. ವರದಿ ಊರಲ್ಲೇ ಉಳಿದಿತ್ತು. ಪಾಪ, ಮತ್ತೆ ಬಸ್ ಹತ್ತಿದ.

ಶಾರ್ಟ್‌ಕಟ್ ಯಾಕೆ ವರದಿಯಲ್ಲ ಎಂದು ತಿಳಿಯಲು ಮೊದಲು ಫೈಲ್ ಏನೆಂದು ನೋಡಬೇಕು. ಫೈಲ್ ಅಂದರೆ ಎರಡು ಸಂಗತಿ: ಡಿಸ್ಕಿನಲ್ಲಿರುವ ಮಾಹಿತಿ ಮತ್ತು ಫೋಲ್ಡರಿನಲ್ಲಿ ಅದಕ್ಕಿಟ್ಟ ಹೆಸರು. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಗೆ ಇನ್ನೊಂದು ಹೆಸರು ಕೊಟ್ಟರೆ ಅದು ಹಾರ್ಡ್ ಲಿಂಕ್. ಹೊಳೆನರಸೀಪುರ ಅನ್ನಿ, ಎಚ್.ಎನ್.ಪುರ ಅನ್ನಿ, ಊರು ಒಂದೇ. ಯಾವುದು ಅಸಲು, ಯಾವುದು ನಕಲು ಎಂಬ ಮಾತೇ ಇಲ್ಲ. ಒಂದು ಹೆಸರನ್ನು ಅಳಿಸಿದರೂ ಮಾಹಿತಿಗೆ ಏನೂ ಆಗದು. ಕೊನೆಯ ಹೆಸರೂ ಹೋದಾಗಲೇ ಜಾಗ ತೆರವಾಗುತ್ತದೆ. ಹಾಗಂತ ಇದನ್ನು ಬ್ಯಾಕಪ್ ಎಂದು ನಂಬಬೇಡಿ. ಮಾಹಿತಿ ಇರುವುದು ಒಂದೇ ಕಡೆ, ಡಿಸ್ಕ್ ಕೆಟ್ಟರೆ ಎರಡು ಹೆಸರೂ ಹೋದವು. ಬೇರೆ ಡಿಸ್ಕಿನಲ್ಲಿರುವ ಫೈಲಿಗೆ ಹಾರ್ಡ್ ಲಿಂಕ್ ಹಾಕಲೂ ಆಗದು.

ಸಿಂಬಾಲಿಕ್ ಲಿಂಕ್ ಹಾಗಲ್ಲ, ಹುಡುಗನ ಶಾರ್ಟ್‌ಕಟ್‌ನಂತೆ ಅದೂ ಕೈಮರ. ಅದರಲ್ಲಿರುವುದು ದಾರಿ ಮಾತ್ರ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಹಲವು ಊರು ಮುಳುಗಿದವು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಪಾಳು ಚರ್ಚು ಅದಕ್ಕೆ ಸಾಕ್ಷಿ. ಅಂಥ ಊರಿನ ಕೈಮರ ಉಳಿದಿದ್ದರೂ ಅದು ತೋರಿಸುವುದು ನೀರನ್ನೇ. ಮೂಲ ಫೈಲನ್ನು ಅಳಿಸಿದರೆ, ಬೇರೆಡೆಗೆ ಸರಿಸಿದರೆ ಲಿಂಕಿನ ಪಾಡೂ ಅಷ್ಟೇ. ಆದರೆ ಕೈಮರಕ್ಕೆ ಗಡಿ ಇಲ್ಲ: ಫೋಲ್ಡರನ್ನೂ ತೋರಿಸಬಲ್ಲದು, ಇನ್ನೊಂದು ಡಿಸ್ಕನ್ನೂ. ಚನ್ನರಾಯಪಟ್ಟಣದ ಗೆಳೆಯರೊಬ್ಬರ ಸಿ ಡ್ರೈವ್ ತುಂಬಿಹೋಗಿತ್ತು. ಶ್ರವಣಬೆಳಗೊಳ, ನುಗ್ಗೇಹಳ್ಳಿಯ ಫೋಟೊಗಳ ಫೋಲ್ಡರನ್ನು ಡಿ ಡ್ರೈವಿಗೆ ಸರಿಸಿ, ಹಳೇ ಜಾಗದಲ್ಲಿ ಅದೇ ಹೆಸರಿನ ಸಿಂಬಾಲಿಕ್ ಲಿಂಕ್ ಇಟ್ಟೆವು. ಅವರ ಸಾಫ್ಟ್‌ವೇರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಆಪಲ್ ಕಂಪ್ಯೂಟರುಗಳಿಗೆ 1991ರಲ್ಲಿ ಬಂದ ಅಲಿಯಾಸ್ ಇನ್ನೊಂದು ಹೆಜ್ಜೆ ಮುಂದೆ. ದಾರಿಯ ಜೊತೆಗೆ ಫೈಲಿನ ಗುರುತನ್ನೂ ಇಟ್ಟುಕೊಳ್ಳುತ್ತದೆ. ಮನೆ ಬದಲಾಯಿಸಿದರೂ ಮುಖ ನೋಡಿ ಕಾಗದ ಕೊಡುವ ಊರಿನ ಅಂಚೆಯಣ್ಣನ ಹಾಗೆ, ಅದೇ ಡಿಸ್ಕಿನಲ್ಲಿ ಫೈಲ್ ಎಲ್ಲಿಗೆ ಹೋದರೂ ಸಾಮಾನ್ಯವಾಗಿ ಹುಡುಕಿ ಕೊಡುತ್ತದೆ.

ಅರಕಲಗೂಡಿನ ಹುಡುಗ ಬಸ್ ಹತ್ತುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡು, ‘ಓಪನ್ ಫೈಲ್ ಲೊಕೇಶನ್’ ಒತ್ತು, ಅಲ್ಲಿ ಬಾಣವಿಲ್ಲದೆ ಕಾಣುವುದನ್ನು ಕಾಪಿ ಮಾಡು.